ಈಗಲೇ ಫೋನ್ ಮಾಡಿ

ತಿರುಪ್ಪೂರು
11 ಆಗಸ್ಟ್ 2025

ಪ್ರೀತಿಯ ಇಂದುಜಾ,

ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಗಿ ಈ ಕಾಗದ ಬರೆಯುತ್ತಿದ್ದೇನೆ. ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಆ ಹೆಂಗಸಿನ ದನಿ ಈಗ ನನಗೆ ಪರಿಚಯದವಳ ದನಿಯಂತೆ ಆಗಿಬಿಟ್ಟಿದೆ. ಶುಕ್ರವಾರ ನಿನ್ನ ಗೆಳತಿ ನಿತ್ಯಾ ಕೌನ್ಸೆಲಿಂಗ್ ಕೋಣೆಯ ಬಾಗಿಲಲ್ಲೇ ನಿಂತು, "ಮಿಸ್, ಅವಳನ್ನ ನೆಗಮಂಗೆ ಕಳಿಸಿಬಿಟ್ಟಿದಾರೆ, ಅಜ್ಜಿ ಮನೆಗೆ. ಟಿಸಿ ಕೂಡ ತಗೊಂಡಾಯ್ತು" ಅಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಆಫೀಸಿಗೆ ಹೋಗಿ ನಿನ್ನ ಅಜ್ಜಿಯ ವಿಳಾಸ ಬರೆದುಕೊಂಡೆ.

ನಿನ್ನನ್ನು ಕಳಿಸಿದ ದಿನ ಮಧ್ಯಾಹ್ನ ನೀನು ಶಾಲೆಯ ಆ್ಯಪಿನಲ್ಲಿ 'ಇವತ್ತು ಸೋತೆ' ಎಂಬ ಗುಂಡಿ ಒತ್ತಿದ್ದು ನನಗೆ ಗೊತ್ತು. ಒತ್ತಿದ ಕೂಡಲೇ, ನೀನು ಆರಿಸಿಕೊಂಡ ನಂಬಿಕೆಯ ವ್ಯಕ್ತಿಗೆ ಸಂದೇಶ ಹೋಗುತ್ತದೆ. ವೇಪ್ ಎಂಬ ಆ ಎಲೆಕ್ಟ್ರಾನಿಕ್ ಸಿಗರೇಟು ಬಿಡುತ್ತೇವೆಂದು ಹೆಸರು ಕೊಟ್ಟ ಮಕ್ಕಳೆಲ್ಲ ಗೆಳತಿಯದೋ ಅಣ್ಣನದೋ ನಂಬರು ಕೊಟ್ಟರು. ನೀನೊಬ್ಬಳು ಅಪ್ಪನ ನಂಬರು ಕೊಟ್ಟೆ. "ಯೋಚನೆ ಮಾಡಿದೀಯಾ?" ಎಂದು ಕೇಳಿದ್ದಕ್ಕೆ, "ನಮ್ಮಪ್ಪ ಬೇರೆ ಅಪ್ಪಂದಿರ ಥರ ಅಲ್ಲ ಮಿಸ್" ಎಂದು ನಕ್ಕೆ.

ಆ ಸಂದೇಶದ ಮಾತುಗಳು ನನ್ನವು. 'ನಿಮ್ಮ ಮಗು ವೇಪ್ ಬಿಡಲು ಹೆಣಗುತ್ತಿದೆ. ಇವತ್ತು ಸೋತಿದೆ. ಅದಕ್ಕೆ ನಿಮ್ಮ ದನಿ ಬೇಕು. ಈಗಲೇ ಫೋನ್ ಮಾಡಿ. ಬೈಯಬೇಡಿ.' ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೆ. ತಮಿಳಿನದನ್ನು ಆಮೇಲೆ ಸೇರಿಸೋಣ ಎಂದು ಆ್ಯಪ್ ಮಾಡಿದವರು ಹೇಳಿದಾಗ ಸರಿ ಎಂದೆ.

ಏನಾಯಿತು, ಇಂದುಜಾ? ನಿನ್ನಿಂದಲೇ ತಿಳಿಯಬೇಕು. ಬೇಕೆಂತಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನಿನಗೊಬ್ಬಳಿಗೆ ಎಂದು ನೀನೇ ಹೇಳಿದ್ದೆ. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಿನ್ನ ಅಮ್ಮ ತೀರಿಕೊಳ್ಳುವ ಮೊದಲು ನಿನಗೆ ಬಿಟ್ಟುಹೋದ ಅಕ್ಷರ. ಅದನ್ನು ಈ ಕೆಲಸಕ್ಕೆ ಬಳಸಿಕೊಳ್ಳುವುದಕ್ಕೆ ಅವರು ಬೇಸರಪಡಲಾರರು ಅಂದುಕೊಂಡಿದ್ದೇನೆ.

ನಿನ್ನ,
ಹಿನಾ ಮಿಸ್


ನೆಗಮಂ
27 ಆಗಸ್ಟ್ 2025

ಹಿನಾ ಮಿಸ್‌ಗೆ ನಮಸ್ಕಾರ.

ನಿಮ್ಮ ಕಾಗದ ಬಂದಾಗ ಈಶ್ವರನ್ ಮಾಮ ಇಲ್ಲಿದ್ದರು, ಅತ್ತೆಯ, ಅಂದರೆ ಅಪ್ಪನ ಅಕ್ಕನ, ಗಂಡ. ಅಪ್ಪ ಕೆಲಸ ಮಾಡುವ ಬನಿಯನ್ ಕಂಪನಿಯಲ್ಲೇ ಅವರು ಲೆಕ್ಕ ಬರೆಯುವುದು. ಕವರು ಹರಿದು, ಕಾಗದ ತಿರುಗಿಸಿ ಮುರುಗಿಸಿ ನೋಡಿದರು. "ಏನಿದು, ಪೂರಾ ಜಿಲೇಬಿ ಹಿಂಡಿದಾರೆ!" ಅಂದರು. ನಾನು, "ನೋಟ್ಸ್ ಮಾಮ, ಪಾಠದ್ದು" ಅಂದೆ. ಅಜ್ಜಿ ಹೊರಗಿನಿಂದಲೇ, "ಅವ್ಳ ಅಮ್ಮನ್ ಎಳುತ್ತು ಅದು. ಕೊಟ್ಬಿಡು ಅವ್ಳಿಗೆ" ಅಂದರು. ಎಳುತ್ತು ಅಂದರೆ ಅಕ್ಷರ, ನಿಮಗೆ ಗೊತ್ತಲ್ಲ.

ನಾನು ಗುಂಡಿ ಒತ್ತಿದ್ದು ಬೇಕೆಂತಲೇ ಮಿಸ್. ಟ್ಯೂಷನ್ನಿನಲ್ಲಿ ನಿತ್ಯಾ ಪೆನ್ನಿನಂಥದ್ದನ್ನು ಕೊಟ್ಟಳು, ಮಾವಿನಹಣ್ಣಿನ ವಾಸನೆಯದು. ಬಿಟ್ಟುಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಕೈ ತಾನೇ ಚಾಚಿತು. ಮನೆಗೆ ಬಂದು ಅಳುತ್ತಾ ಕೂತೆ, ಆಮೇಲೆ ಒತ್ತಿದೆ. ನೀವು ಯೋಚನೆ ಮಾಡಿದೀಯಾ ಎಂದು ಕೇಳಿದಿರಲ್ಲ, ಮಾಡಿಯೇ ಅಪ್ಪನ ನಂಬರು ಕೊಟ್ಟಿದ್ದೆ. ಅಮ್ಮ ಹೋದ ಮೇಲೆ ತಲೆ ಬಾಚಿ ಜಡೆ ಹಾಕಿದ್ದು ಅಪ್ಪ. ಅವರಿಗೆ ಬಾಯಿಬಿಟ್ಟು ಹೇಳಲು ನನಗೆ ಆಗುತ್ತಿರಲಿಲ್ಲ. ಆ್ಯಪ್ ಹೇಳಲಿ, ಅಪ್ಪ ಫೋನ್ ಮಾಡಲಿ, ಆಮೇಲೆ ಹೇಳುವುದು ಸುಲಭ ಅಂದುಕೊಂಡೆ.

ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಚಾರ್ಜ್ ಇದೆಯಾ ನೋಡಿದೆ. ಸದ್ದು ಜಾಸ್ತಿ ಮಾಡಿದೆ. ಏನು ಹೇಳಬೇಕೆಂದೂ ಅಂದುಕೊಂಡೆ. 'ಅಪ್ಪಾ, ಸ್ವಲ್ಪ ಬೇಗ ಬಾ' ಅಂತ, ಅಷ್ಟೇ. ಪಕ್ಕದ ಮನೆಯವರು ಬಟ್ಟೆ ಒಗೆದು ಹರವಿದರು, ಆ ಬಟ್ಟೆ ಒಣಗಿತು, ತೆಗೆದುಕೊಂಡು ಹೋದರು. ಆಮೇಲೆ ಬಾಗಿಲು ಬಡಿದ ಸದ್ದು. ಅಪ್ಪನೇ ಬಂದರು ಎಂದು ಓಡಿದೆ. ಅತ್ತೆ. "ಬಟ್ಟೆ ಎತ್ಕೊ, ಹೊರಡು. ನಿಮ್ಮಪ್ಪನ್ ಮಾನ ಕಪ್ಪಲೇರಿ ಹೋಯ್ತು!" ಅಂದರು. ಮಾನ ಹಡಗು ಹತ್ತಿತಂತೆ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಬ್ಯಾಂಕಿನದು, ಗ್ಯಾಸಿನದು, ಯಾವ ಸಂದೇಶ ಬಂದರೂ ಮಾಮನ ಕೈಗೆ ಫೋನ್ ಕೊಟ್ಟು ಓದಿಸುತ್ತಾರೆ. ಇದನ್ನೂ ಓದಿಸಿದರಂತೆ. ಚಹಾ ಹೊತ್ತು, ಬನಿಯನ್ ಚೆಕ್ಕಿಂಗ್ ಮಾಡುವ ಹೆಂಗಸರೆಲ್ಲ ಅಲ್ಲೇ ಇದ್ದರಂತೆ. ನಾನದನ್ನು ಯೋಚಿಸಿರಲಿಲ್ಲ ಮಿಸ್. ನನ್ನ ಅಪ್ಪ, ನನಗೇ ಹೊಳೆಯಲಿಲ್ಲ.

ಆದರೂ ಅಪ್ಪನಿಗೆ ಗೊತ್ತಾಯಿತಲ್ಲ, ಈಗಲೇ ಫೋನ್ ಮಾಡಿ ಎಂದು? ಗೊತ್ತಿದ್ದೂ ಮಾಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀವು ಅವರ ಹತ್ತಿರ ಹೋಗಬೇಡಿ. ಮೊದಲೇ ಅವಮಾನವಾಗಿದೆ.

ಇತಿ,
ಇಂದುಜಾ


ತಿರುಪ್ಪೂರು
14 ಸೆಪ್ಟೆಂಬರ್ 2025

ಪ್ರೀತಿಯ ಇಂದು,

ಹೋಗಬೇಡಿ ಎಂದಿದ್ದೀಯ, ಹೋಗಿಲ್ಲ. ಆದರೆ ಬಸ್ಸು ಆ ಕಂಪನಿಯ ಮುಂದೆ ಹಾಯುವಾಗ ಪ್ರತಿಸಲವೂ ಕಿಟಕಿಯಿಂದ ನೋಡುತ್ತೇನೆ, ಅವರ ಮುಖ ಕಂಡರೆ ಏನಾದರೂ ತಿಳಿದೀತು ಎನ್ನುವ ಹಾಗೆ.

ಶಾಲೆಯವರು ಆ್ಯಪ್ ನಿಲ್ಲಿಸಿದರು. ಪೋಷಕರ ಸಭೆಯಲ್ಲಿ ಒಬ್ಬರು ಎದ್ದು, "ಮಕ್ಕಳಿಗೆ ಇಲ್ಲದ ಚಟ ಇದೆ ಎಂದು ಊರಿಗೆಲ್ಲ ಸಾರುವ ಯಂತ್ರ" ಎಂದರು. ನಾನು ಮಾತಾಡಲು ಎದ್ದೆ, ಹಾಗೇ ಕೂತುಬಿಟ್ಟೆ. ನಿನ್ನ ಮುಖ ಎದುರಿಗೆ ಬಂತು. ಬಿಡುತ್ತಿದ್ದ ಮಕ್ಕಳಲ್ಲಿ ಕೆಲವರು ಮತ್ತೆ ಶುರುಮಾಡಿದ್ದಾರೆ. ನಿತ್ಯಾ ಮಾತ್ರ ದಿನಾ ಮಧ್ಯಾಹ್ನ ನನ್ನ ಕೋಣೆಗೆ ಬಂದು ಊಟದ ಡಬ್ಬಿ ಬಿಚ್ಚುತ್ತಾಳೆ. ನಿನ್ನ ಬಗ್ಗೆ ಕೇಳುವುದಿಲ್ಲ. ಹೋಗುವಾಗ, "ಕಾಗದ ಬಂತಾ ಮಿಸ್?" ಎನ್ನುತ್ತಾಳೆ, ಅಷ್ಟೇ.

ಅಲ್ಲಿ ಆಸೆ ಬಂದಾಗ ಏನು ಮಾಡುತ್ತೀ? ಆ್ಯಪು ಕೇಳುತ್ತಿದ್ದ ಪ್ರಶ್ನೆಗಳು ನೆನಪಿವೆಯೇ? ಈಗ ಎಲ್ಲಿದ್ದೀಯ, ಪಕ್ಕದಲ್ಲಿ ಯಾರಿದ್ದಾರೆ, ನೀರು ಕುಡಿದೆಯಾ. ಸುಮ್ಮನೆ ಯಂತ್ರದ ಪ್ರಶ್ನೆಗಳೆಂದು ನಾನು ಮೊದಲು ನಕ್ಕಿದ್ದೆ. ಈಗ ಅನಿಸುತ್ತದೆ, ಮನೆಗೆ ಬಂದವರನ್ನು ನಾವೆಲ್ಲ ಕೇಳುವುದು ಇದನ್ನೇ.

ಬರೆ.

ನಿನ್ನ,
ಹಿನಾ ಮಿಸ್


ನೆಗಮಂ
23 ಅಕ್ಟೋಬರ್ 2025

ಹಿನಾ ಮಿಸ್‌ಗೆ,

ತಡವಾಯಿತು. ಇಲ್ಲಿನ ಶಾಲೆಗೆ ಸೇರಿಸಿದ್ದಾರೆ. ಹುಡುಗಿಯರು ಒಳ್ಳೆಯವರು, ಯಾಕೆ ಬಂದೆ ಎಂದು ಕೇಳುವುದನ್ನು ಬಿಟ್ಟಿದ್ದಾರೆ.

ಆ್ಯಪಿನ ಪ್ರಶ್ನೆಗಳನ್ನು ಈಗ ಅಜ್ಜಿಗೆ ಕೇಳುತ್ತೇನೆ. ನಗಬೇಡಿ. ಅವರು ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ನನಗೆ ಬುದ್ಧಿ ಹೇಳುವಾಗಲೂ ಬಾಯಲ್ಲಿ ಅದೇ. ಒಂದು ದಿನ ಕೇಳಿಯೇಬಿಟ್ಟೆ, "ಅಜ್ಜಿ, ನಿಂದೂ ಅದೇ ಅಲ್ವಾ?" ಅಂತ.

"ಅದೇನಾ? ನಾನ್ ಹಾಕೋದು ಮಣ್ಣಲ್ ಬೆಳ್ದಿದ್ದು. ನೀನ್ ಎಳ್ದಿದ್ದು ಕರೆಂಟ್ ಹೊಗೆ. ಕರೆಂಟ್ ಹೊಗೆ ಎಳ್ದ್ರೆ ಎದೇಲಿ ಶಾಕ್ ಹೊಡೀದೇ ಇರ್ತದಾ?"

"ಹಂಗಾದ್ರೆ ನಾನೂ ಬಿಡ್ತೀನಿ, ನೀನೂ ಬಿಡು. ಪಂದ್ಯ."

ಎದ್ದು ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಸೆ ಬಂದಾಗಲೆಲ್ಲ ನಾನು, "ಎಲ್ಲಿದೀಯಾ? ಪಕ್ಕದಲ್ಲಿ ಯಾರಿದಾರೆ? ನೀರು ಕುಡಿದ್ಯಾ?" ಎನ್ನುತ್ತೇನೆ. "ಮಗ್ಗದ್ ಮುಂದೆ ಇದೀನಿ, ಪಕ್ಕದಲ್ಲಿ ನೀನೊಂದು ಪಿಶಾಚಿ ಇದೀಯ, ನೀರು ಬ್ಯಾಡ" ಎನ್ನುತ್ತಾರೆ. ದೀಪಾವಳಿಯ ಬೆಳಿಗ್ಗೆ ಕದ್ದು ಹಾಕಿಕೊಂಡರು. ನಾನು ಬೈಯಲಿಲ್ಲ. ಸೋತಾಗ ಬೈಯಬಾರದು ಎಂದು ನೀವೇ ಬರೆದಿದ್ದಿರಲ್ಲ.

ನಾನು ಮುಟ್ಟಿಲ್ಲ ಮಿಸ್. ಆದರೆ ಸಿಕ್ಕಿಲ್ಲ ಎಂದು ಮುಟ್ಟಿಲ್ಲವೋ ಏನೋ. ಮಾವಿನ ರಸದ ಪೊಟ್ಟಣ ಯಾರಾದರೂ ಬಿಚ್ಚಿದರೂ ಎದ್ದು ಆಚೆ ಹೋಗುತ್ತೇನೆ.

ಅಪ್ಪ ದೀಪಾವಳಿಗೆ ಬರಲಿಲ್ಲ. ಮಾಮನ ಕೈಲಿ ಹೊಸ ಬಟ್ಟೆ ಕಳಿಸಿದರು. ಅಳತೆ ಸರಿಯಾಗಿತ್ತು. ನಾನು ಇಲ್ಲಿಗೆ ಬಂದ ಮೇಲೆ ತೆಳ್ಳಗಾಗಿದ್ದೇನೆ, ಅದೂ ಅವರಿಗೆ ಹೇಗೋ ಗೊತ್ತು. ಭಾನುವಾರ ಅಜ್ಜಿಗೆ ಫೋನ್ ಮಾಡುತ್ತಾರೆ. "ಎಲ್ಲಾರೂ ಚೆನ್ನಾಗಿದೀರಾ?" ಎನ್ನುತ್ತಾರೆ. ಅಜ್ಜಿ ಸ್ಪೀಕರಿಗೆ ಹಾಕುತ್ತಾರೆ, ನಾನು ಕೇಳಲಿ ಎಂದೇ. ಎಲ್ಲಾರೂ ಅಂದರೆ ಅದರಲ್ಲಿ ನಾನು ಸೇರುತ್ತೇನಾ ಮಿಸ್?

ಹೋಗಬೇಡಿ ಎಂದಿದ್ದೆ. ಈಗ ಹೋಗಿ. ಬೇರೇನೂ ಕೇಳಬೇಡಿ. ಯಾಕೆ ಫೋನ್ ಮಾಡಲಿಲ್ಲ ಎಂದು ಮಾತ್ರ ಕೇಳಿ.

ನಿಮ್ಮ,
ಇಂದುಜಾ


ತಿರುಪ್ಪೂರು
16 ನವೆಂಬರ್ 2025

ಪ್ರೀತಿಯ ಇಂದು,

ನಿನ್ನೆ ಹೋಗಿದ್ದೆ. ಹೇಗೆ ಬರೆಯಬೇಕೆಂದು ತಿಳಿಯದೆ ಬೆಳಿಗ್ಗೆಯಿಂದ ಎದ್ದು ಕೂತು ಮಾಡುತ್ತಿದ್ದೇನೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಿನ್ನ ಅಪ್ಪ ನಂಜುಂಡನ್ ಅವರನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಟೇಬಲ್ಲಿನ ಮೇಲೆ ಬನಿಯನ್ನುಗಳ ರಾಶಿ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ತೂತಿದೆಯೇ ಎಂದು ನೋಡಿ ಮಡಚುತ್ತಿದ್ದರು. ನನ್ನನ್ನು ಕಂಡು ಗುರುತು ಹಿಡಿದರು. "ಟೀಚರ್, ಇಲ್ಲಿ ಬ್ಯಾಡ" ಎಂದು ಹೊರಗೆ ಚಹಾದಂಗಡಿಗೆ ಕರೆದುಕೊಂಡು ಹೋದರು. ಇಬ್ಬರಿಗೂ ಚಹಾ ಹೇಳಿ, ತಾವು ಕುಡಿಯಲಿಲ್ಲ.

"ಪುಳ್ಳೆ ಹೆಂಗಿದೆ?" ಎಂದರು. ಪುಳ್ಳೆ ಎಂದರೆ ಮಗು, ನೀನು.

"ನೀವೇ ಕೇಳಬಹುದಲ್ಲ" ಎಂದೆ. ಕಠಿಣವಾಗಿ ಬಂತು ಮಾತು.

"ಏನಂತ ಕೇಳ್ಲಿ ಟೀಚರ್? ಬೈಯ್ಬ್ಯಾಡಿ ಅಂತ ಇತ್ತಲ್ಲ ಅದ್ರಲ್ಲಿ. ಬಾಯ್ ಬಿಟ್ರೆ ಬೈದ್ಬಿಡ್ತೀನಿ ಅಂತ ಬಯ. ಅದ್ಕೇ ಬಾಯೇ ಬಿಡ್ಲಿಲ್ಲ. ಅಕ್ಕನ್ನ ಕಳಿಸ್ದೆ."

"ಅದಕ್ಕಿಂತ ಮೊದಲು ಇನ್ನೊಂದು ಸಾಲಿತ್ತು. ಫೋನ್ ಮಾಡಿ ಎಂದು. ಅವಳು ಫೋನು ಹಿಡಿದುಕೊಂಡು ಕಾಯುತ್ತಿದ್ದಳು. ಯಾಕೆ ಮಾಡಲಿಲ್ಲ ಎಂದು ಕೇಳಿಕೊಂಡು ಬಾ ಅಂದಿದ್ದಾಳೆ. ಅದಕ್ಕೇ ಬಂದೆ."

"ಯಾವ ಫೋನು?" ಅಂದರು.

ಸಂದೇಶ ಅಳಿಸಿರಲಿಲ್ಲ. ಅವರೇ ತೆಗೆದು ನನ್ನ ಕೈಗಿಟ್ಟರು. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅದಕ್ಕೆ ನಿಮ್ಮ ದನಿ ಬೇಕು. ಈಗಲೇ ಫೋನ್ ಮಾಡಿ. ಅವರು ಅಂಗಡಿಯ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಇದು ಓದ್ಲಿಲ್ಲ ಅವ್ನು" ಎಂದರು.

ಅವತ್ತು ಈಶ್ವರನ್ ಫೋನು ತೆಗೆದುಕೊಂಡು, "ಮಚ್ಚಾ, ನಿಮ್ ಪುಳ್ಳೆ ಹೊಗೆ ಎಳೀತಾಳಂತೆ!" ಎಂದು ಓದಿದರಂತೆ. ಹೆಂಗಸರು ತಿರುಗಿ ನೋಡಿದರಂತೆ. ಆಮೇಲೆ, "ಕಡೇಲಿ ಬೈಯ್ಬ್ಯಾಡಿ ಅಂತ ಬೇರೆ ಆರ್ಡರ್ ಹಾಕವ್ರೆ ಮಚ್ಚಾ, ಕೈಕಟ್ಟಿ ನಿಂತ್ಕೊಳ್ಳಿ" ಎಂದರಂತೆ. ಎಲ್ಲರೂ ನಕ್ಕರಂತೆ. ನಗುವಿನಲ್ಲಿ ಮಧ್ಯದ್ದು ಹೋಯಿತು. ಈಶ್ವರನ್ ಬೇಕೆಂದು ಬಿಟ್ಟರು ಎಂದು ನನಗೆ ಅನಿಸುವುದಿಲ್ಲ. ತಮಾಷೆ ಇರುವ ಸಾಲನ್ನು ಓದಿದರು, ಅಷ್ಟೇ. ಪದ್ಯ ಓದುವಾಗ ನಾನು ಕೂಡ ಹಾಗೆ ಸಾಲು ಹಾರಿಸಿಕೊಂಡು ಓದುವವಳೇ. ಹಾರಿಸಿದ ಸಾಲಿನ ಕೆಳಗೆ ಒಬ್ಬ ಹುಡುಗಿ ಕೂತಿರಬಹುದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಎದ್ದು ಹೊರಟಾಗ ನಿನ್ನ ಅಪ್ಪ ಕೇಳಿದರು: "ಎಷ್ಟೊತ್ತು ಕಾದ್ಲಂತೆ?"

ಪಕ್ಕದ ಮನೆಯ ಬಟ್ಟೆ ಒಣಗುವವರೆಗೆ ಎಂದೆ. ನೀನು ಬರೆದದ್ದೇ ಅದು. 

ನಿನ್ನ,
ಹಿನಾ ಮಿಸ್


ನೆಗಮಂ
25 ನವೆಂಬರ್ 2025

ಮಿಸ್,

ಇಷ್ಟು ತಿಂಗಳು ಅಪ್ಪನ ಮೇಲೆ ಸಿಟ್ಟು ಇಟ್ಟುಕೊಂಡು ಬದುಕಿದ್ದೆ. ಶಾಲೆಗೆ ಹೋಗುವಾಗ, ಊಟಕ್ಕೆ ಕೂತಾಗ, ಆಸೆ ಬಂದಾಗಲೂ. ನಾನು ಮುಟ್ಟದೆ ಇದ್ದದ್ದು ಆ ಸಿಟ್ಟಿನಿಂದ. 'ನೋಡಪ್ಪಾ, ನೀನಿಲ್ಲದೆಯೇ ಬಿಟ್ಟೆ' ಎಂದು ಅವರಿಗೆ ತೋರಿಸಬೇಕು ಎಂದು.

ಈಗ ಅವರ ತಪ್ಪಿಲ್ಲ ಎನ್ನುತ್ತೀರಿ. ಮಾಮನದೂ ಇಲ್ಲ. ನಿಮ್ಮದೂ ಇಲ್ಲ ಎಂದು ನಾನು ಹೇಳಬೇಕು. ಹಾಗಾದರೆ ನಾನು ಯಾಕೆ ಇಲ್ಲಿದ್ದೇನೆ?

ಸ್ವಲ್ಪ ದಿನ ಬರೆಯಬೇಡಿ.

ಇಂದುಜಾ


ತಿರುಪ್ಪೂರು
28 ಡಿಸೆಂಬರ್ 2025

ಪ್ರೀತಿಯ ಇಂದು,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಒಂದು ವಿಷಯ ಹೇಳದೆ ಇರಲಾರೆ, ಇಷ್ಟೇ ಬರೆದು ನಿಲ್ಲಿಸುತ್ತೇನೆ.

ನಿನ್ನ ಅಪ್ಪ ಶಾಲೆಯ ಗೇಟಿಗೆ ಬಂದಿದ್ದರು. ಒಳಗೆ ಬರಲಿಲ್ಲ. "ಹೋಗಿ ಏನ್ ಹೇಳ್ಬೇಕು ಟೀಚರ್? ನೀವು ಬರ್ಕೊಡಿ, ನಾನ್ ಬಾಯಿಪಾಠ ಮಾಡ್ಕೋತೀನಿ" ಅಂದರು. ಬರೆದುಕೊಡಲು ಪೆನ್ನು ತೆಗೆದೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡೆ. ನಿಮ್ಮಿಬ್ಬರ ನಡುವೆ ನನ್ನ ಮಾತು ಒಮ್ಮೆ ಬಂದು ಆದದ್ದು ಸಾಕು. "ನಿಮ್ಮ ಮಾತೇ ಆಡಿ" ಎಂದೆ.

ಜನವರಿಯಲ್ಲಿ ತೈ ಅಮಾವಾಸ್ಯೆಗೆ, ನಿನ್ನ ಅಮ್ಮನಿಗೆ ಎಡೆ ಇಡಲು ಅಲ್ಲಿಗೆ ಬರುತ್ತಾರಂತೆ.

ಹಿನಾ ಮಿಸ್


ನೆಗಮಂ
21 ಜನವರಿ 2026

ಹಿನಾ ಮಿಸ್‌ಗೆ,

ಅಪ್ಪ ಬಂದಿದ್ದರು.

ಅಮಾವಾಸ್ಯೆ ಅಲ್ಲವಾ, ಬೀದಿಯಲ್ಲಿ ಒಂದು ಮಗ್ಗವೂ ಆಡುವುದಿಲ್ಲ. ಅವರ ಚಪ್ಪಲಿಯ ಸದ್ದು ತಿರುವಿನಿಂದಲೇ ಕೇಳಿತು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎಡೆ ಇಟ್ಟು, ಕಾಗೆಗೆ ಅನ್ನ ಹಾಕಿ, ಎಲ್ಲರ ಊಟ ಆಯಿತು. ನಾನು ಬಡಿಸಿದೆ. "ಸಾಕು" ಎಂದರು. ನನಗೆ ಅಂತ ಆಡಿದ ಮೊದಲ ಮಾತು ಅದು.

ಆಮೇಲೆ ಮಗ್ಗದ ಕುಳಿಯ ಅಂಚಿನಲ್ಲಿ ಹೋಗಿ ಕೂತರು. ಚಿಕ್ಕವರಿದ್ದಾಗ ಅದೇ ಮಗ್ಗದಲ್ಲಿ ನೇಯುತ್ತಿದ್ದರಂತೆ. "ಅಮ್ಮಿಣೀ, ಇಲ್ಲಿ ಬಾ" ಎಂದರು. ಅಮ್ಮಿಣಿ ಎಂದು ಕೇಳಿ ಎಷ್ಟು ದಿನವಾಗಿತ್ತೋ. ಹೋಗಿ ನಿಂತೆ. ಅಜ್ಜಿ ಮಾತು ಕೇಳಿಸದವರ ಹಾಗೆ ಅಂಗಳಕ್ಕೆ ಹೋದರು.

"ಓಡ್ ಬರ್ತಿದ್ದೆ ಕಣ್ಣೂ" ಎಂದರು. "ಆ ಸಾಲು ನನ್ ಕಿವಿಗೆ ಬಿದ್ದಿದ್ರೆ, ಬಿಸಾಕ್ಬಿಟ್ಟು ಓಡ್ ಬರ್ತಿದ್ದೆ."

"ಗೊತ್ತಪ್ಪ."

"ನಂಗ್ ಯಾರೂ ಓದ್ಲಿಲ್ಲ."

"ಗೊತ್ತಪ್ಪ. ಮಿಸ್ ಬರೆದಿದ್ರು."

"ಹಂಗಾದ್ರೆ ಎದ್ದು ಬಾ. ಮನೇಗ್ ಹೋಗಣ."

ಈ ಮಾತನ್ನು ಅವರು ಹೇಳಬೇಕೆಂದು ನಾನು ಎಷ್ಟು ಸಲ ಅಂದುಕೊಂಡಿದ್ದೆ ಮಿಸ್. ಬಟ್ಟೆ ಕೂಡ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದೆ, ಹೊರಡುವಾಗ ತಡವಾಗಬಾರದು ಎಂದು. ಅವರು ಹೇಳಿದರು. ನನ್ನ ಬಾಯಿಂದ ಬೇರೆ ಮಾತು ಬಂತು.

"ಆ ಸಾಲು ಇಲ್ದಿದ್ರೂ ಬರ್ಬೋದಿತ್ತಲ್ಲಪ್ಪ."

ಅವರು ನನ್ನ ಮುಖ ನೋಡಿದರು.

"ನಾನ್ ಹೊಗೆ ಎಳೀತೀನಿ ಅಂತ ಕೇಳಿಸ್ತಲ್ಲ? ಅಷ್ಟು ಸಾಲ್ದಾ? ಫೋನ್ ಮಾಡು ಅಂತ ಇನ್ನೊಬ್ರು ಹೇಳ್ಬೇಕಿತ್ತಾ?"

ಜೋರಾಗಿ ಹೇಳಲಿಲ್ಲ. ನನಗೆ ಆಗ ಸಿಟ್ಟೂ ಇರಲಿಲ್ಲ, ನಿಜವಾಗಿ. ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಎಂದು ಕಾದೆ. "ಬೈಯಪ್ಪಾ, ಒಂದ್ಸಲ ಬೈದ್ಬಿಡು" ಎಂದೂ ಹೇಳಿದೆ.

"ನಾನ್ಯಾರು ಬೈಯಕ್ಕೆ" ಎಂದರು.

ಎದ್ದು ಬಾಗಿಲ ಕಡೆ ನಡೆದರು. ಅಜ್ಜಿ ಅಂಗಳದಿಂದ, "ಏಯ್ ನಂಜುಂಡಾ, ಬಿಸ್ಲು ಇಳೀಲಿ, ಆಮೇಲ್ ಹೋಗ್ವಂತೆ" ಎಂದರು. "ಇಲ್ಲಮ್ಮ, ಪಲ್ಲಡಂ ಬಸ್ಸು ಬರೋ ಹೊತ್ತು" ಎಂದು ಚಪ್ಪಲಿ ಹಾಕಿಕೊಂಡರು. ನಾನು ಬಸ್‌ಸ್ಟಾಪಿನವರೆಗೂ ಹಿಂದೆ ಹಿಂದೆ ನಡೆದೆ. ಜೊತೆಯಲ್ಲಿ ನಡೆದರೆ ಮಾತಾಡಬೇಕಾಗುತ್ತದೆ ಎಂದು ಇಬ್ಬರೂ ಹಾಗೇ ನಡೆದೆವು. ಬಸ್ಸಿನಲ್ಲಿ ಆಚೆ ಕಡೆಯ ಕಿಟಕಿಗೆ ಕೂತರು. ಈಚೆ ಕಡೆ ಜಾಗವಿತ್ತು.

ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದರು, ಅವರ ಫೋನು ಗೂಡಿನಲ್ಲಿತ್ತು. ಸಂಜೆಯಾಗುವಾಗ ಅದು ಹೊಡೆದುಕೊಂಡಿತು. ಅಪ್ಪನ ನಂಬರು. ಊರು ಮುಟ್ಟಿದೆ ಎಂದು ಹೇಳಲು ಇರಬಹುದು. ಅಥವಾ ಅಜ್ಜಿ ಆ ಹೊತ್ತಿಗೆ ಮಲಗಿರುತ್ತಾರೆ, ಎತ್ತುವುದು ನಾನೇ ಎಂದು ಅವರಿಗೆ ಗೊತ್ತಿದ್ದಿರಬಹುದು. ಒದ್ದೆ ಕೈಯಲ್ಲಿ ನೋಡುತ್ತಾ ನಿಂತೆ. ನಿಂತಿತು. ಮತ್ತೆ ಹೊಡೆದುಕೊಂಡಿತು. ಆಗಲೂ ನಿಂತೇ ಇದ್ದೆ.

ಅದು ಸುಮ್ಮನಾದ ಮೇಲೆ ಕೈ ಒರೆಸಿಕೊಂಡು ತೆಗೆದುಕೊಂಡೆ. ಇನ್ನೊಮ್ಮೆ ಬಂದರೆ ಎತ್ತುತ್ತೇನೆ ಎಂದು ಹಿಡಿದುಕೊಂಡು ಕೂತೆ. ಬರಲಿಲ್ಲ.

ನಾನೇ ತಿರುಗಿ ಮಾಡಬಹುದಿತ್ತು ಮಿಸ್. ಯಾರೂ ಬೇಡ ಎಂದಿರಲಿಲ್ಲ. ಮಾಡಲಿಲ್ಲ.

ನಿಮ್ಮ,
ಇಂದುಜಾ